ಬೀಪ್ ನಂಬಿ ಕೆಟ್ಟೆ: 96ರ ಬುಲೆಟ್‌ನಲ್ಲಿ ಕರೆಂಟ್ ಕಳ್ಳನನ್ನು ಹಿಡಿದದ್ದು

"ವೈರಿಂಗ್ ಕಿಟ್ ಪೂರ್ತಿ ಬದಲಾಯ್ಸಿ ಸಾರ್, ಇಲ್ಲಾಂದ್ರೆ ಗಾಡಿ ಮಾರ್ಬಿಡಿ." ಮೂವರು ಮೆಕ್ಯಾನಿಕ್‌ಗಳ ತೀರ್ಪು ಇದು. ನಾಲ್ಕನೆಯವನು ಗಾಡಿ ಮುಟ್ಟಲೇ ಇಲ್ಲ. ಕೊನೆಗೆ ನಾನೇ ರಿಪೇರಿ ಮಾಡಿ ಈಗ ಎಂಟು ತಿಂಗಳಾಯಿತು, ಒಂದು ವೈರ್, ಒಂದು ರಿಲೇ ಬಿಟ್ಟರೆ ವೈರಿಂಗ್ ಎಲ್ಲ ಹಳೆಯದೇ. ಒಂದು ಸಲವೂ ದಾರಿಯಲ್ಲಿ ಕೈಕೊಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇರುತ್ತೆ, ಸಹಿಸಿಕೊಳ್ಳಿ.

ಗಾಡಿ 1996ರ ಬುಲೆಟ್ ಬೈಕು, 350 ಸಿಸಿ. ಬಲಗಾಲಿಗೆ ಗೇರು, ಸಿ.ಬಿ. ಪಾಯಿಂಟು (ಕೂಡಿ ಬಿಟ್ಟು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು), ಕ್ಯಾಸ್ಕೆಟ್ (ಹೆಡ್‌ಲೈಟ್ ಕೂರುವ ಲೋಹದ ಚಿಪ್ಪು) ಮೇಲೆ ಕರೆಂಟ್ ತೋರಿಸುವ ಆಮೀಟರು, 12 ವೋಲ್ಟು. ರೋಗ ಹೀಗಿತ್ತು: ಹಗಲು ಗಡಿಯಾರದ ಹಾಗೆ ಓಡುತ್ತೆ. ಸಂಜೆ ಹೆಡ್‌ಲೈಟ್ ಹಾಕಿಕೊಂಡು ಸಿಗ್ನಲ್‌ನಲ್ಲಿ ಬ್ರೇಕ್ ತುಳಿದು ಹಾರ್ನ್ ಒತ್ತಿದೆನೋ, ಎರಡು ಸಲ ಕೆಮ್ಮಿ ತಣ್ಣಗಾಗುತ್ತೆ. ಹಾರ್ನ್ ಇಲ್ಲ, ಲೈಟ್ ಇಲ್ಲ, ಆಮೀಟರ್ ಮುಳ್ಳು ಅಲುಗಾಡದೆ ನಡುವೆ ನಿಂತಿರುತ್ತೆ. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಬೆಂಗಳೂರಿನ ಸಿಲ್ಕ್ ಬೋರ್ಡ್‌ ಜಂಕ್ಷನ್‌ನಲ್ಲಿ ಸಂಜೆ ಏಳಕ್ಕೆ, ಅಕ್ಟೋಬರ್ ಮಳೆಯಲ್ಲಿ, ನೂರೈವತ್ತು ಕೆಜಿಗೂ ಮೀರಿದ ಕಬ್ಬಿಣ ತಳ್ಳಿದವರಿಗೆ ಮಾತ್ರ ಆ ಐದು ನಿಮಿಷದ ಉದ್ದ ಗೊತ್ತು.

ಮೊದಲು ದುಡ್ಡು ಹಾಳು ಮಾಡಿದ್ದನ್ನು ಹೇಳಿಬಿಡುತ್ತೇನೆ. ಹೊಸ ಬ್ಯಾಟರಿ, ಹತ್ತಿರ ಹತ್ತಿರ 1,400. ಜೆ.ಸಿ. ರಸ್ತೆಯಿಂದ ರೆಗ್ಯುಲೇಟರ್, ಎಂಟೋ ಒಂಬತ್ತೋ ನೂರು. ಕಿಡಿ ಹೊಡೆಸುವ ಕಾಯಿಲ್, ಅದರ ಜೊತೆಗಾರ ಕಂಡೆನ್ಸರ್ ಸೇರಿ ಇನ್ನೊಂದು ಸಾವಿರ. ಕೀ ಸೆಟ್ ಬದಲಾಯಿಸಿದೆ. ಅದು ಹಳೆಯದಕ್ಕಿಂತ ಕೆಟ್ಟದಾಗಿತ್ತು, ವಾಪಸ್ ಹಳೆಯದೇ ಹಾಕಿದೆ. ಕೂಲಿ ಸೇರಿ ಐದೂವರೆ ಸಾವಿರ ಹೋಯಿತು. ಎಫ್‌ಸಿಗೆ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಆರ್‌ಟಿಒ ಪರೀಕ್ಷೆ) ಎರಡೇ ತಿಂಗಳು ಬಾಕಿ. ಮನೆಯವಳು ಲೆಕ್ಕ ಕೇಳುವುದನ್ನೇ ಬಿಟ್ಟಿದ್ದಳು, ಅದು ಇನ್ನೂ ಅಪಾಯ.

ಈ ನಡುವೆ ಎಲ್‌ಇಡಿ ಬಲ್ಬಿನ ಪ್ರಸಂಗ. 60/55 ಹ್ಯಾಲೋಜನ್ ತೆಗೆದು ಎಲ್‌ಇಡಿ ಹಾಕಿದೆ, ಗಾಡಿ ಎರಡು ವಾರ ನಿಲ್ಲಲೇ ಇಲ್ಲ. ಗೆದ್ದೆ ಅಂತ ಗೆಳೆಯರಿಗೆ ಬಸವನಗುಡಿಯಲ್ಲಿ ದೋಸೆ ಕೊಡಿಸಿದೆ. ಮೂರನೇ ವಾರ ನಾಯಂಡಹಳ್ಳಿಯಲ್ಲಿ ಮತ್ತೆ ಅದೇ ಕೆಮ್ಮು. ಆಗ ತಲೆಗೆ ಹೊಳೆಯಿತು: ಎಲ್‌ಇಡಿ ಕಮ್ಮಿ ಕರೆಂಟ್ ಎಳೆಯುತ್ತೆ, ಲೋಡ್ ಕಮ್ಮಿ ಆಗಿದ್ದಕ್ಕೆ ರೋಗ ಅಡಗಿತ್ತು ಅಷ್ಟೇ. ಬ್ಯಾಟರಿ, ರೆಗ್ಯುಲೇಟರ್ ಎರಡೂ ಹೊಸದು, ಅಂದರೆ ಕರೆಂಟ್ ಹುಟ್ಟುವ ಜಾಗದಲ್ಲಿ ತೊಂದರೆ ಇರಲಿಕ್ಕಿಲ್ಲ, ಹರಿಯುವ ದಾರಿಯಲ್ಲೇ ಇರಬೇಕು. ದೋಸೆಯ ದುಡ್ಡು ದಂಡವಾಗಲಿಲ್ಲ.

ನಾನೂ ಎಲ್ಲರ ಹಾಗೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು (ವೈರ್ ತುಂಡಾಗಿಲ್ಲದಿದ್ದರೆ ಕೂಗುತ್ತೆ) ವೈರ್ ವೈರ್ ನೋಡಿದ್ದೆ. ಎಲ್ಲಾ ಕಡೆ ಬೀಪ್. ಇಲ್ಲೇ ಎಡವಿದ್ದು. ಇಪ್ಪತ್ತು ಎಳೆಯ ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತೆ. ಆ ಒಂದು ಎಳೆ ಹೆಡ್‌ಲೈಟಿನ ನಾಲ್ಕೈದು ಆಂಪಿಯರ್ ಜೊತೆಗೆ ಕಾಯಿಲಿನದನ್ನೂ ಹೊರುತ್ತಾ? ಹೊರಲ್ಲ.

ಹಾಗಾಗಿ ಲೋಡ್ ಕೊಟ್ಟೇ ನೋಡುವುದು ಅಂತ ತೀರ್ಮಾನಿಸಿದೆ. "ಗಾಡಿಗೆ ಇಸಿಜಿ ಮಾಡ್ತೀರಾ ಸಾರ್?" ಅಂತ ಮೆಕ್ಯಾನಿಕ್ ನಕ್ಕ. ಎಸ್.ಪಿ. ರಸ್ತೆಯಲ್ಲಿ ಮೂರು ಮೀಟರ್ ವೈರ್, ಎರಡು ಮೊಸಳೆ ಕ್ಲಿಪ್ಪು ತಂದೆ. ಹಳೇ ಹ್ಯಾಲೋಜನ್ ವಾಪಸ್ ಹಾಕಿದೆ, ಬೇಕಂತಲೇ. ಕೀ ಆನ್ ಮಾಡಿ, ಆಮೀಟರ್ ಮುಳ್ಳು ಎಡಕ್ಕೆ ವಾಲುವವರೆಗೆ ಕಿಕ್ಕರ್ ಮೆಲ್ಲಗೆ ಒತ್ತಿ ಪಾಯಿಂಟ್ ಕೂಡಿಸಿದೆ. ಆಮೇಲೆ ಹೆಡ್‌ಲೈಟ್ ಆನ್. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ನ ಸೀಸದ ಮೇಲೆಯೇ ಖಾಯಂ (ಕ್ಲ್ಯಾಂಪ್ ಮೇಲಲ್ಲ, ಗಮನಿಸಿ), ಇನ್ನೊಂದನ್ನು ದಾರಿಯುದ್ದಕ್ಕೂ ನಡೆಸುವುದು. ಎಷ್ಟು ವೋಲ್ಟ್ ತೋರಿಸುತ್ತೋ ಅಷ್ಟು ಅಲ್ಲಿಯವರೆಗೆ ಕಳುವಾಗಿದೆ ಅಂತ ಲೆಕ್ಕ. ಬೇಗ ನೋಡಿ ಕೀ ಆಫ್ ಮಾಡಿ. ಪಾಯಿಂಟ್ ಕೂಡಿರುವಾಗ ಕಾಯಿಲ್ ಸುಟ್ಟರೆ ನನ್ನನ್ನು ಬೈಯಬೇಡಿ.

ಫ್ಯೂಸ್ ದಾಟಿದ ಮೇಲೆ 0.1. ಪರವಾಗಿಲ್ಲ. ಕ್ಯಾಸ್ಕೆಟ್ ಒಳಗೆ, ಆಮೀಟರಿಗೆ ಬರುವ ವೈರಿನ ತುದಿಯಲ್ಲಿ 1.0! ವಾಚ್‌ಮನ್ ಟಾರ್ಚ್ ಹಿಡಿದಿದ್ದ. "ಹ್ಯಾಂಡಲ್ ತಿರುಗಿಸಪ್ಪ" ಅಂದೆ. ಎಡಕ್ಕೆ ತಿರುಗಿಸಿದ, ಮೀಟರ್ ಒಂದರಿಂದ ನಾಲ್ಕಕ್ಕೆ ಹಾರಿತು, ಹೆಡ್‌ಲೈಟ್ ಮೇಣದಬತ್ತಿಯಾಯಿತು. "ಅಣ್ಣಾ, ಮತ್ತೆ ತಿರುಗಿಸ್ಲಾ?" ಅಂತ ಅವನಿಗೂ ಹುರುಪು. ಸ್ಟಿಯರಿಂಗ್ ಹೆಡ್ ಹತ್ತಿರ ವೈರ್ ಸೀಳಿ ನೋಡಿದರೆ ಮೇಲಿನ ಪ್ಲಾಸ್ಟಿಕ್ ಹೊಸದರ ಹಾಗಿದೆ, ಒಳಗೆ ಮೂರೋ ನಾಲ್ಕೋ ಎಳೆ ಮಾತ್ರ ಜೀವಂತ, ಉಳಿದದ್ದು ಹಸಿರು ಪುಡಿ.

ಆಮೀಟರ್ ದಾಟಿದ ಮೇಲೆ 1.6. ಹಿಂದಿನ ನಟ್ಟು ಬೆರಳಿಗೇ ತಿರುಗಿತು, ಲಗ್ಗಿನ (ವೈರಿನ ತುದಿಯ ಲೋಹದ ಬಳೆ) ತುಂಬ ಕಿಲುಬು. ಬಿಸಿಯಾದಾಗ ಬಿಡುವುದು, ತಣ್ಣಗಾದಾಗ ಕಚ್ಚುವುದು. ಐದು ನಿಮಿಷದ ಮರ್ಮ ಇದೇ. ಕೀ ದಾಟಿ ಕಾಯಿಲ್ ತಲುಪುವಷ್ಟರಲ್ಲಿ ಒಟ್ಟು ಎರಡು ವೋಲ್ಟು ಪ್ಲಸ್ ಕಡೆಯೇ ಹೋಗಿತ್ತು.

ಇನ್ನು ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಬ್ಯಾಟರಿ ಮೈನಸ್‌ನಿಂದ ಇಂಜಿನ್‌ಗೆ ಹಿಡಿದರೆ 0.8. ಇದರ ಪಾಪ ನನ್ನದೇ. ಎರಡು ವರ್ಷದ ಹಿಂದೆ ಪೀಣ್ಯದಲ್ಲಿ ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿ ಊರಿಗೆಲ್ಲ ಫೋಟೋ ಕಳಿಸಿದ್ದೆ. ಆ ಚಂದದ ಕಪ್ಪು ಪದರದ ಮೇಲೆಯೇ ಅರ್ತ್ ಬೋಲ್ಟ್ ಬಿಗಿದಿದ್ದೆ. ಪೌಡರ್ ಕೋಟಿಂಗ್ ಕರೆಂಟ್ ಬಿಡಲ್ಲ. ಬೋಲ್ಟಿನ ತಿರುಪಿನ ಸುತ್ತುಗಳ ಮೂಲಕ ಹೇಗೋ ದಾರಿ ಮಾಡಿಕೊಂಡಿತ್ತು. ಬ್ಯಾಟರಿಯಲ್ಲಿ 12 ಇದ್ದರೂ ಕಾಯಿಲಿಗೆ ಸಿಗುತ್ತಿದ್ದದ್ದು ಒಂಬತ್ತು ಚಿಲ್ಲರೆ. ಅದರ ಮೇಲೆ ಹಾರ್ನ್ ಒತ್ತಿದರೆ ಕಿಡಿ ಎಲ್ಲಿಂದ ಬರಬೇಕು?

ರಿಪೇರಿ ಒಂದೇ ಸಲಕ್ಕೆ ಕೂತಿತು ಅಂದುಕೊಳ್ಳಬೇಡಿ. ಮೊದಲು ಸ್ಟಿಯರಿಂಗ್ ಹೆಡ್ ವೈರಿಗೆ ಅಂದವಾಗಿ ಸೋಲ್ಡರ್ ಹಾಕಿದೆ. ಮೂರೇ ವಾರ. ಕೆಂಗೇರಿ ದಾಟಿದ ಮೇಲೆ ಸೋಲ್ಡರಿನ ಪಕ್ಕದಲ್ಲೇ ಕಟ್. ಸೋಲ್ಡರ್ ಕುಡಿದ ವೈರ್ ಕಡ್ಡಿಯಾಗುತ್ತೆ, ಈ ಗಾಡಿಯ ನಡುಕಕ್ಕೆ ಕಡ್ಡಿ ಮುರಿಯುತ್ತೆ. ಆಮೇಲೆ ಫ್ಯೂಸ್‌ನಿಂದ ಆಮೀಟರ್‌ವರೆಗೆ ಒಂದೇ ಅಖಂಡ ವೈರ್ ಎಳೆದೆ, 2.5 ಚದರ ಎಂಎಂ, ಸಣ್ಣ ಎಳೆಯದು. ಲಗ್‌ಗಳನ್ನು ಅದುಮಿ ಮೇಲೆ ಹೀಟ್ ಸ್ಲೀವ್. ಹ್ಯಾಂಡಲ್ ತಿರುಗಿದಾಗ ಅದು ಬಾಗದ ಹಾಗೆ ಹೇಗೆ ಒಯ್ದೆ ಅನ್ನುವುದನ್ನು ಇಲ್ಲಿ ಹೇಳಲ್ಲ, ಮನೆಗೆ ಬಂದರೆ ಕಾಫಿ ಕೊಟ್ಟು ತೋರಿಸುತ್ತೇನೆ. ಹಳೇ ಕೀ ಸ್ವಿಚ್ ಬಿಚ್ಚದೆ ಒಳಗೆ ಸ್ವಚ್ಛ ಮಾಡಿದ್ದೂ ಹಾಗೇ. ಅರ್ತ್ ಬೋಲ್ಟಿನ ಕೆಳಗೆ ಎಮರಿ ಕಾಗದದಲ್ಲಿ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ, ಮೇಲೆ ವ್ಯಾಸಲೀನ್ ಬಳಿದೆ. ಹೆಡ್‌ಲೈಟಿಗೆ ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಕೊಡಿಸುವ ಸ್ವಿಚ್ಚು) ಕೂಡ ಹಾಕಿದೆ, ಅಷ್ಟು ಅಗತ್ಯವಿರಲಿಲ್ಲ, ಕೈ ಸುಮ್ಮನಿರಲಿಲ್ಲ.

ಖರ್ಚು ರಿಲೇ ಸೇರಿ 350 ರೂಪಾಯಿ ದಾಟಿಲ್ಲ. ಈಗ ಪ್ಲಸ್, ಅರ್ತ್ ಎರಡೂ ಕಡೆ ಸೇರಿ ಕಳುವಾಗುವುದು 0.3 ವೋಲ್ಟ್ ಅಷ್ಟೇ. ಎಫ್‌ಸಿ ಆಯಿತು. ನಕ್ಕಿದ್ದ ಮೆಕ್ಯಾನಿಕ್ "ಲಕ್ ಸಾರ್ ನಿಮ್ದು" ಅಂದ. ಮುಂದಿನ ವಾರವೇ ಒಂದು ಹಳೇ ಯೆಜ್ಡಿಗೆ ಅಂತ ನನ್ನ ಮೊಸಳೆ ಕ್ಲಿಪ್ ವೈರ್ ಇಸಿದುಕೊಂಡು ಹೋದವನು ಇನ್ನೂ ವಾಪಸ್ ಕೊಟ್ಟಿಲ್ಲ. ಎಡಗಡೆ ಇಂಡಿಕೇಟರ್ ಮಾತ್ರ ಈಗಲೂ ಬಲಗಡೆಗಿಂತ ಜೋರಾಗಿ ಬಡಿದುಕೊಳ್ಳುತ್ತೆ, ಹಿಂದಿನ ಬಲ್ಬಿನ ಅರ್ತ್ ಮೇಲೆ ಅನುಮಾನ. ವೈರ್ ಬಂದ ಮೇಲೆ ನೋಡಬೇಕು.