ಸೂರ್ಯ ಕಪ್ಪುಕುಳಿ ಆಗ್ತಾನಾ? ಕ್ಯಾಲ್ಕುಲೇಟರ್ ಹಿಡಿದು ನೀವೇ ನೋಡಿ

ಮೊನ್ನೆ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ವಿಡಿಯೊ. ಸೂರ್ಯ ಕುಗ್ಗಿ ಕುಗ್ಗಿ ಕಪ್ಪಾಗುತ್ತಾನೆ, ಆಮೇಲೆ ಭೂಮಿಯನ್ನು ಎಳೆದುಕೊಂಡು ನುಂಗುತ್ತಾನೆ. ಹಿಂದೆ ಭಯಂಕರ ಮ್ಯೂಸಿಕ್ ಬೇರೆ. "ಮಾಮ, ನಿಜಾನಾ ಇದು?" ಅಂದ. ಇಲ್ಲ ಕಣೋ ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ವಿಡಿಯೊದವನು ಹೌದು ಅಂದಿದ್ದ, ನಾನು ಇಲ್ಲ ಅನ್ನುತ್ತಿದ್ದೆ. ಹುಡುಗ ಯಾರನ್ನು ನಂಬಬೇಕು? ಅದಕ್ಕೇ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಹಾಳೆ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ನೀವೂ ಹಾಕಬಹುದು. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಹೆಜ್ಜೆ 1: ಎಷ್ಟು ಅಮುಕಬೇಕು?

ಕಲ್ಲನ್ನು ಮೇಲಕ್ಕೆ ಎಸೆದರೆ ವಾಪಸ್ ಬೀಳುತ್ತದೆ. ಗಾಳಿ ಅಡ್ಡ ಬರುವುದಿಲ್ಲ ಅಂದುಕೊಂಡು, ಸೆಕೆಂಡಿಗೆ 11.2 ಕಿ.ಮೀ. ವೇಗದಲ್ಲಿ ಎಸೆದರೆ ಭೂಮಿಯ ಹಿಡಿತದಿಂದ ತಪ್ಪಿಸಿಕೊಂಡು ಹೋಗಿಬಿಡುತ್ತದೆ. ಶಾಲೆಯ ಪುಸ್ತಕದಲ್ಲಿ ಇದನ್ನು ವಿಮೋಚನಾ ವೇಗ ಅನ್ನುತ್ತಾರೆ. ಸೂರ್ಯನ ಮೇಲಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ 618 ಕಿ.ಮೀ. ಬೇಕು. ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿ.ಮೀ. ಅದಕ್ಕೇ ಬೆಳಕು ಸಲೀಸಾಗಿ ಹೊರಗೆ ಬರುತ್ತಿದೆ. ಬೆಳಕಿಗೂ ತಪ್ಪಿಸಿಕೊಳ್ಳಲು ಆಗದಷ್ಟು ಹಿಡಿತ ಬಿಗಿಯಾದರೆ ಅದು ಕಪ್ಪುಕುಳಿ.

ಹಿಡಿತ ಬಿಗಿ ಮಾಡಲು ತೂಕ ಸೇರಿಸಲೇಬೇಕು ಅಂತಿಲ್ಲ. ಇರುವ ತೂಕವನ್ನೇ ಅಮುಕಿ ಚಿಕ್ಕ ಉಂಡೆ ಮಾಡಿದರೂ ಆಗುತ್ತದೆ. ತ್ರಿಜ್ಯ ನಾಲ್ಕರಲ್ಲಿ ಒಂದು ಭಾಗವಾದರೆ ಬೇಕಾದ ವೇಗ ಎರಡು ಪಟ್ಟಾಗುತ್ತದೆ. ಒಂಬತ್ತರಲ್ಲಿ ಒಂದಾದರೆ ಮೂರು ಪಟ್ಟು. ಈಗ ಕ್ಯಾಲ್ಕುಲೇಟರ್ ತೆಗೆಯಿರಿ. 3,00,000 ಅನ್ನು 618ರಿಂದ ಭಾಗಿಸಿ: ಸುಮಾರು 485. ಅಂದರೆ ವೇಗ 485 ಪಟ್ಟು ಏರಬೇಕು. 485 ಗುಣಿಸು 485 ಅಂದರೆ 2,35,225. ಸೂರ್ಯನ ತ್ರಿಜ್ಯ 6,96,000 ಕಿ.ಮೀ. ಅದನ್ನು 2,35,225ರಿಂದ ಭಾಗಿಸಿ.

2.96 ಬಂತಾ? ಹೆಚ್ಚುಕಡಿಮೆ 3 ಕಿ.ಮೀ. ಇಡೀ ಸೂರ್ಯನನ್ನು, ಒಂದು ಗ್ರಾಂ ಕೂಡ ಚೆಲ್ಲದೆ, 6 ಕಿ.ಮೀ. ಅಡ್ಡಳತೆಯ ಉಂಡೆಯೊಳಗೆ ತುರುಕಬೇಕು. ಸೈಕಲ್‌ನಲ್ಲಿ ಅರ್ಧ ಗಂಟೆಯ ದಾರಿ. ಭೂಮಿಗೂ ಹೀಗೇ ಹಾಕಿ ನೋಡಿದೆವು: ತ್ರಿಜ್ಯ 9 ಮಿ.ಮೀ. ಬಂತು. ನಾವೆಲ್ಲ, ಹಿಮಾಲಯ, ಸಮುದ್ರ ಎಲ್ಲ ಸೇರಿ ಆಡುವ ಗೋಲಿಯಷ್ಟು!

ಈ ಲೆಕ್ಕ ಹಳೆಯದು. 1783ರಲ್ಲಿ ಇಂಗ್ಲೆಂಡಿನ ಜಾನ್ ಮಿಷೆಲ್ ಎಂಬ ಪಾದ್ರಿ ಇದನ್ನೇ ತಿರುಗಿಸಿ ಹಾಕಿದ್ದರು. ಸೂರ್ಯನಷ್ಟೇ ಸಾಂದ್ರವಾದ, ಆದರೆ 500 ಪಟ್ಟು ಅಗಲವಾದ ನಕ್ಷತ್ರ ಇದ್ದರೆ ಬೆಳಕು ಅದರಿಂದ ಹೊರಬರಲಾರದು ಅಂದರು. ನಮ್ಮ 485ಕ್ಕೂ ಅವರ 500ಕ್ಕೂ ಎಷ್ಟು ಹತ್ತಿರ ನೋಡಿ. ಒಂದು ಮಾತು ಹೇಳಿಬಿಡಬೇಕು: ಈ ನ್ಯೂಟನ್ ಲೆಕ್ಕ ಇಲ್ಲಿ ಸರಿ ಉತ್ತರ ಕೊಡುವುದು ಅದೃಷ್ಟ. ಸರಿಯಾದ ದಾರಿ ಐನ್‌ಸ್ಟೈನ್‌ ಸಮೀಕರಣಗಳದ್ದು. ಅದನ್ನು ಬಿಡಿಸಿದವರು ಕಾರ್ಲ್ ಶ್ವಾರ್ಜ್‌ಶೀಲ್ಡ್. ಮೊದಲ ಮಹಾಯುದ್ಧದ ರಷ್ಯಾ ಗಡಿಯಲ್ಲಿ ಜರ್ಮನ್ ಸೈನ್ಯದ ಜೊತೆ ಇದ್ದುಕೊಂಡೇ ಬಿಡಿಸಿದರು. 1916ರಲ್ಲಿ ಅದು ಅಚ್ಚಾಯಿತು. ಅಲ್ಲಿಯೂ ಸೂರ್ಯನಿಗೆ ಬರುವುದು ಅದೇ 3 ಕಿ.ಮೀ.

ಹೆಜ್ಜೆ 2: ಅಮುಕುವವರು ಯಾರು?

ಸೂರ್ಯನ ಸ್ವಂತ ಭಾರವೇ. ಅದು ಯಾವಾಗಲೂ ಒಳಕ್ಕೆ ಒತ್ತುತ್ತಲೇ ಇದೆ. ಒಳಗಿನ ಶಾಖ ಅದನ್ನು ತಡೆದಿದೆ, ಪೂರಿಯನ್ನು ಒಳಗಿನ ಹಬೆ ಉಬ್ಬಿಸಿ ಇಟ್ಟ ಹಾಗೆ. ನಡುವಿನಲ್ಲಿ ಸುಮಾರು 1.5 ಕೋಟಿ ಡಿಗ್ರಿ ಶಾಖ. ಅಲ್ಲಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತಿದೆ. 460 ಕೋಟಿ ವರ್ಷದಿಂದ ಈ ಒಲೆ ಉರಿಯುತ್ತಿದೆ, ಇನ್ನೂ ಸುಮಾರು 500 ಕೋಟಿ ವರ್ಷಕ್ಕೆ ಸೌದೆ ಇದೆ.

ನಡುವಿನ ಹೈಡ್ರೋಜನ್ ಮುಗಿದಾಗ ತಿರುಳು ಕುಗ್ಗುತ್ತದೆ, ಹೊರಭಾಗ ಉಬ್ಬಿ ಕೆಂಪಾಗುತ್ತದೆ. ಕೆಂಪು ದೈತ್ಯ ಅನ್ನುವುದು ಇದನ್ನೇ. ಬುಧ, ಶುಕ್ರ ಅದರ ಹೊಟ್ಟೆಗೆ ಹೋಗುತ್ತವೆ. ತಿರುಳಿನ ಶಾಖ 10 ಕೋಟಿ ಡಿಗ್ರಿ ಮುಟ್ಟಿದಾಗ ಹೀಲಿಯಂ ಕೂಡ ಉರಿದು ಇಂಗಾಲ, ಆಮ್ಲಜನಕ ಆಗುತ್ತದೆ. ಇಂಗಾಲವನ್ನು ಉರಿಸಲು ಇನ್ನೂ ಎಷ್ಟೋ ಜಾಸ್ತಿ ಬಿಸಿ ಬೇಕು. ಅಷ್ಟು ಬಿಸಿ ಎಬ್ಬಿಸಲು ನಮ್ಮ ಸೂರ್ಯನ ಭಾರ ಸಾಲದು. ಹೊರಪದರಗಳು ಹಾರಿಹೋಗಿ, ಈಗಿನ ತೂಕದ ಅರ್ಧಕ್ಕಿಂತ ತುಸು ಹೆಚ್ಚಿನ, ಭೂಮಿಯ ಗಾತ್ರದ ಒಂದು ಕೆಂಡ ಉಳಿಯುತ್ತದೆ. ಅದರ ಹೆಸರು ಶ್ವೇತಕುಬ್ಜ.

ಹೆಜ್ಜೆ 3: ಕೆಂಡ ಮತ್ತೆ ಯಾಕೆ ಕುಸಿಯಲ್ಲ?

ಹುಡುಗ ಸರಿಯಾಗಿ ಹಿಡಿದ: "ಒಲೆ ಆರಿದ ಮೇಲೆ ತಡೆಯೋದು ಯಾರು?"

ಎಲೆಕ್ಟ್ರಾನ್‌ಗಳು. ಒಂದು ಕೂತ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹತ್ತಿರ ಹತ್ತಿರ ತಳ್ಳಿದಷ್ಟೂ ಜೋರಾಗಿ ಓಡಾಡುತ್ತವೆ, ಆ ಓಡಾಟವೇ ಭಾರವನ್ನು ಹೊರುತ್ತದೆ. ಇದಕ್ಕೆ ಬಿಸಿಯೇ ಬೇಡ. ಹಾಗಾಗಿ ಕೆಂಡ ತಣ್ಣಗಾದರೂ ಕುಸಿಯುವುದಿಲ್ಲ.

ಆದರೆ ಎಲೆಕ್ಟ್ರಾನ್ ಎಷ್ಟು ಜೋರಾಗಿ ಓಡಿದರೂ ಬೆಳಕನ್ನು ಮೀರುವಂತಿಲ್ಲ. ಅಂದಮೇಲೆ ಅದು ಹೊರುವ ಭಾರಕ್ಕೂ ಒಂದು ಮಿತಿ ಇರಲೇಬೇಕಲ್ವಾ? ಇದು ಹೊಳೆದಿದ್ದು 1930ರಲ್ಲಿ, ಮುಂಬೈಯಿಂದ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ, 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ. ಅದೇ ವರ್ಷ ಅವರ ಚಿಕ್ಕಪ್ಪ ಸಿ.ವಿ. ರಾಮನ್ ಅವರಿಗೆ ನೊಬೆಲ್ ಬಂದಿತ್ತು. ಚಂದ್ರಶೇಖರ್ ಅವರ ಮಿತಿ ಸೂರ್ಯನ ತೂಕದ ಸುಮಾರು 1.4 ಪಟ್ಟು. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ದೊಡ್ಡ ವಿಜ್ಞಾನಿ ಎಡಿಂಗ್ಟನ್ ಇದನ್ನು ಎಲ್ಲರ ಮುಂದೆ ಗೇಲಿ ಮಾಡಿದರು. ಚಂದ್ರಶೇಖರ್ ಅವರಿಗೂ ನೊಬೆಲ್ ಬಂತು, 1983ರಲ್ಲಿ!

ಈಗ ಹಾಳೆಯ ಮೇಲೆ ಎರಡು ಸಂಖ್ಯೆ ಬರೆಯಿರಿ. ಸೂರ್ಯ ಉಳಿಸುವ ಕೆಂಡ: ಅರ್ಧದ ಆಸುಪಾಸು. ಮಿತಿ: 1.4. ಮಿತಿ ದಾಟಿದರೂ ನೇರವಾಗಿ ಕಪ್ಪುಕುಳಿ ಆಗುವುದಿಲ್ಲ, ನಡುವೆ ನ್ಯೂಟ್ರಾನ್ ನಕ್ಷತ್ರ, ಅಂದರೆ ಬಹುತೇಕ ನ್ಯೂಟ್ರಾನ್ ಕಣಗಳೇ ಒತ್ತಿ ತುಂಬಿದ ಉಂಡೆ, ಎಂಬ ಇನ್ನೊಂದು ತಡೆ ಇದೆ. ಅದೂ ಮುರಿಯಬೇಕಾದರೆ ತಿರುಳೇ ಎರಡು ಸೂರ್ಯರಿಗಿಂತ ಭಾರ ಇರಬೇಕು. ಸಾಮಾನ್ಯವಾಗಿ ಹುಟ್ಟುವಾಗಲೇ 20 ಸೂರ್ಯರಷ್ಟೋ ಅದಕ್ಕಿಂತ ಹೆಚ್ಚೋ ತೂಗುವ ನಕ್ಷತ್ರಗಳು ಅಲ್ಲಿಗೆ ಮುಟ್ಟುತ್ತವೆ.

ಹೆಜ್ಜೆ 4: ತೂಕ ಸೇರಿಸಿದರೆ?

"ಗುರುಗ್ರಹಾನೂ ನುಂಗಿದ್ರೆ?" ಅಂದ. ನುಂಗಲಿ. ಸೌರಮಂಡಲದ ಒಟ್ಟು ತೂಕದಲ್ಲಿ 99.86 ಭಾಗ ಈಗಾಗಲೇ ಸೂರ್ಯನದ್ದೇ. ಉಳಿದವರೆಲ್ಲ ಸೇರಿ ನೂರಕ್ಕೆ 0.14. ಕೆಲವು ಶ್ವೇತಕುಬ್ಜಗಳು ಪಕ್ಕದ ಜೋಡಿ ನಕ್ಷತ್ರದಿಂದ ಕದ್ದು ದಪ್ಪಗಾಗುತ್ತವೆ. ನಮ್ಮ ಸೂರ್ಯ ಒಂಟಿ.

ಇನ್ನು ವಿಡಿಯೊದ ಕೊನೆ. ಯಾರೋ ಮಾಯಾವಿ ಸೂರ್ಯನನ್ನು ಇವತ್ತೇ 3 ಕಿ.ಮೀ.ಗೆ ಅಮುಕಿದ ಅಂತಲೇ ಇಟ್ಟುಕೊಳ್ಳಿ. ತೂಕ ಅಷ್ಟೇ, ದೂರ ಅದೇ 15 ಕೋಟಿ ಕಿ.ಮೀ. ಹಾಗಾದರೆ ಎಳೆತವೂ ಅಷ್ಟೇ. ಎಂಟು ನಿಮಿಷ ಚಿಲ್ಲರೆಯಲ್ಲಿ ಕತ್ತಲಾಗುತ್ತದೆ, ಆಮೇಲೆ ಚಳಿಗೆ ಸಾಯುತ್ತೇವೆ. ಭೂಮಿ ಮಾತ್ರ 365 ದಿನಕ್ಕೊಮ್ಮೆ ಸುಮ್ನೆ ಸುತ್ತುತ್ತಿರುತ್ತದೆ. ಕುಳಿ ಅನ್ನುವ ಪದವೇ ದಾರಿ ತಪ್ಪಿಸುತ್ತದೆ, ಎಲ್ಲರೂ ಜಾರಿ ಬೀಳುತ್ತೇವೆ ಅನಿಸುತ್ತದೆ.

ಹೆಜ್ಜೆ 5: ಟೆರೇಸ್ ಹತ್ತಿ

ಜನವರಿ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಾಣುತ್ತವೆ, ಓರಿಯನ್ ಎಂಬ ನಕ್ಷತ್ರಪುಂಜದ ನಡುಪಟ್ಟಿ. ಆ ಸಾಲನ್ನು ಮೇಲಕ್ಕೆ ಎಳೆದರೆ ಕೆಂಪಗೆ ಮಿನುಗುವ ರೋಹಿಣಿ ಸಿಗುತ್ತದೆ. ಹೌದು, ರೋಹಿಣಿ ಮಳೆಯ ರೋಹಿಣಿಯೇ. ತೂಕದಲ್ಲಿ ಸೂರ್ಯನಿಗಿಂತ ಸ್ವಲ್ಪವೇ ಜಾಸ್ತಿ, ಅಗಲದಲ್ಲಿ 40 ಪಟ್ಟಿಗೂ ಹೆಚ್ಚು. 500 ಕೋಟಿ ವರ್ಷದ ನಂತರ ನಮ್ಮ ಸೂರ್ಯನೂ ಹೀಗೇ ಉಬ್ಬಲು ಶುರುಮಾಡುತ್ತಾನೆ. ಅದೇ ಸಾಲನ್ನು ಕೆಳಕ್ಕೆ ಎಳೆದರೆ ಲುಬ್ಧಕ, ಆಕಾಶದಲ್ಲೇ ಹೆಚ್ಚು ಹೊಳೆಯುವ ನಕ್ಷತ್ರ. ಅದರ ಪಕ್ಕ ಭೂಮಿಯಷ್ಟು ಗಾತ್ರದ, ಸೂರ್ಯನಷ್ಟು ತೂಕದ ಒಂದು ಶ್ವೇತಕುಬ್ಜ ಇದೆ. 1862ರಲ್ಲಿ ಮೊದಲ ಸಲ ಟೆಲಿಸ್ಕೋಪಿಗೆ ಸಿಕ್ಕಿತ್ತು.

ಹುಡುಗ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. "ಕಾಣ್ತಾನೇ ಇಲ್ವಲ್ಲ ಮಾಮ." ಬರಿಗಣ್ಣಿಗೆ ಕಾಣಲ್ಲ ಕಣೋ, ಲುಬ್ಧಕದ ಬೆಳಕಿನಲ್ಲಿ ಮುಚ್ಚಿಹೋಗಿದೆ ಅಂದೆ.