ಒತ್ತಡದಲ್ಲಿರುವ ಲೋಹದ ಬಿಗಿತ: ಎಲೆಕ್ಟ್ರಾನುಗಳ ಪಾಲನ್ನು ನಾನು ಲೆಕ್ಕಹಾಕುವ ಬಗೆ

ಒತ್ತಡಕ್ಕೊಳಗಾದ ಲೋಹದ ಬಿಗಿತದಲ್ಲಿ ವಹನ ಎಲೆಕ್ಟ್ರಾನುಗಳ (ಲೋಹದೊಳಗೆ ಮುಕ್ತವಾಗಿ ಓಡಾಡುವ ಎಲೆಕ್ಟ್ರಾನುಗಳ) ಪಾಲೆಷ್ಟು ಎಂಬುದನ್ನು ಅರಿಯಲು ಕಂಪ್ಯೂಟರಿನ ಮುಂದೆ ಕೂರುವ ಮೊದಲು ನಾನು ಕಾಗದದ ಮೇಲೆಯೇ ಒಂದು ಲೆಕ್ಕ ಹಾಕಿಕೊಳ್ಳುತ್ತೇನೆ. ಎಲೆಕ್ಟ್ರಾನುಗಳನ್ನು ಮುಕ್ತ ಅನಿಲವೆಂದು ಭಾವಿಸಿದರೆ, ಪೌಲಿ ತತ್ತ್ವದ (ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿರಲಾರವು ಎಂಬ ನಿಯಮದ) ಕಾರಣದಿಂದಲೇ ಅವು ಸಂಕೋಚನವನ್ನು ಎದುರಿಸುತ್ತವೆ. ಅದರಿಂದ ಬರುವ ಬಲ್ಕ್ ಮಾಡ್ಯುಲಸ್, ಅಂದರೆ ಎಲ್ಲ ಕಡೆಯಿಂದ ಒತ್ತಿದಾಗ ಕುಗ್ಗದಂತೆ ತಡೆಯುವ ಬಿಗಿತ, ಎಲೆಕ್ಟ್ರಾನ್ ಸಾಂದ್ರತೆ ಮತ್ತು ಫರ್ಮಿ ಶಕ್ತಿಗಳ (ಎಲೆಕ್ಟ್ರಾನುಗಳು ತುಂಬಿರುವ ಅತ್ಯುಚ್ಚ ಮಟ್ಟದ ಶಕ್ತಿ) ಗುಣಲಬ್ಧದ ಮೂರನೇ ಎರಡು ಭಾಗ. ಪೊಟ್ಯಾಸಿಯಮ್ಮಿಗೆ ಇದು ಸುಮಾರು 3.2 ಗಿಗಾಪಾಸ್ಕಲ್ ಆಗುತ್ತದೆ, ಅಳತೆಯೂ 3ರ ಆಸುಪಾಸಿನಲ್ಲಿದೆ. ಅಲ್ಯೂಮಿನಿಯಮ್ಮಿಗೆ ಮಾತ್ರ ಲೆಕ್ಕ 228 ಎಂದರೆ ಅಳತೆ 76 ಎನ್ನುತ್ತದೆ, ಏಕೆಂದರೆ ಅಯಾನುಗಳ ಆಕರ್ಷಣೆ ಆ ಬಿಗಿತದ ದೊಡ್ಡ ಪಾಲನ್ನು ಕಳೆಯುತ್ತದೆ.

ಆದರೆ ನಿಜವಾದ ಕುತೂಹಲವಿರುವುದು ಶಿಯರ್‌ನಲ್ಲಿ, ಅಂದರೆ ಗಾತ್ರ ಬದಲಾಗದೆ ಆಕಾರ ಮಾತ್ರ ಓರೆಯಾಗುವ ವಿರೂಪದಲ್ಲಿ, ಎಂಬುದು ನನ್ನ ಅಭಿಪ್ರಾಯ. ಏಕರೂಪದ ಎಲೆಕ್ಟ್ರಾನ್ ಅನಿಲದ ಶಕ್ತಿ ಗಾತ್ರವನ್ನು ಅವಲಂಬಿಸಿದೆಯೇ ಹೊರತು ಆಕಾರವನ್ನಲ್ಲ. ಹಾಗಾಗಿ ಶಿಯರ್ ಬಿಗಿತದಲ್ಲಿ ಎಲೆಕ್ಟ್ರಾನುಗಳ ಕೈವಾಡ ಕಂಡರೆ ಅದು ಫರ್ಮಿ ಮೇಲ್ಮೈಯ (ತುಂಬಿದ ಮತ್ತು ಖಾಲಿ ಎಲೆಕ್ಟ್ರಾನ್ ಸ್ಥಿತಿಗಳ ನಡುವಣ ಗಡಿಯ) ವಿವರಗಳಿಂದಲೇ ಬಂದಿರಬೇಕು. ಇದನ್ನು ನೋಡಲು ನಾನು ಪ್ರತಿ ಒತ್ತಡದಲ್ಲೂ ಹರಳಿನ ಗಾತ್ರವನ್ನು ಬದಲಿಸದೆ ಸಣ್ಣ ಸಣ್ಣ ವಿರೂಪಗಳನ್ನು ಕೊಟ್ಟು, ಶಕ್ತಿಯ ರೇಖೆಯ ವಕ್ರತೆಯಿಂದ ಶಿಯರ್ ಬಿಗಿತವನ್ನು ಅಳೆಯುವ ಸಿ44 ಗುಣಾಂಕವನ್ನು ಪಡೆಯುತ್ತೇನೆ. ಗಾತ್ರ ಕೊಂಚ ಬದಲಾದರೂ ಬಾಹ್ಯ ಒತ್ತಡ ಮಾಡಿದ ಕೆಲಸ ಉತ್ತರದೊಳಗೆ ನುಸುಳಿಬಿಡುತ್ತದೆ.

ವೆನೇಡಿಯಂ ಇದಕ್ಕೆ ಅತ್ಯುತ್ತಮ ಉದಾಹರಣೆ. ಒತ್ತಡ ಏರಿದಂತೆ ಅದರ ಬಲ್ಕ್ ಮಾಡ್ಯುಲಸ್ ಏರುತ್ತಲೇ ಹೋದರೂ, ಸಿ44 ಒಂದು ಹಂತದ ನಂತರ ಕುಸಿಯುತ್ತದೆ; ಸುಮಾರು 69 ಗಿಗಾಪಾಸ್ಕಲ್‌ನಲ್ಲಿ ಅದರ ಘನಾಕೃತಿಯ ಹರಳು ರಾಂಬೋಹೆಡ್ರಲ್ ರೂಪಕ್ಕೆ ತಿರುಗುವುದನ್ನು 2007ರಲ್ಲಿ ಪ್ರಕಟವಾದ ಎಕ್ಸ್-ಕಿರಣ ಪ್ರಯೋಗಗಳು ತೋರಿಸಿದವು. ಶಿಯರ್ ಆದಾಗ ಸಮಾನ ಶಕ್ತಿಯ ಪಟ್ಟಿಗಳು (ಎಲೆಕ್ಟ್ರಾನುಗಳು ಹೊಂದಬಹುದಾದ ಶಕ್ತಿಗಳ ಸಾಲುಗಳು) ಸೀಳುತ್ತವೆ, ಫರ್ಮಿ ಮಟ್ಟದ ಮೇಲಕ್ಕೆ ಸರಿದ ಪಟ್ಟಿಯ ಎಲೆಕ್ಟ್ರಾನುಗಳು ಕೆಳಗಿಳಿದ ಪಟ್ಟಿಗೆ ಹರಿಯುತ್ತವೆ, ಇದರಿಂದ ಉಳಿತಾಯವಾಗುವ ಶಕ್ತಿಯೇ ಲೋಹವನ್ನು ಮೆತ್ತಗಾಗಿಸುತ್ತದೆ.

ಈ ಹರಿವು ಫರ್ಮಿ ಮೇಲ್ಮೈಯ ಕಿರಿದಾದ ಭಾಗಗಳಲ್ಲಿ ನಡೆಯುವುದರಿಂದ, ಬಲ್ಕ್ ಮಾಡ್ಯುಲಸ್‌ಗೆ ಧಾರಾಳವಾಗಿ ಸಾಕೆನಿಸುವ ಕೆ-ಬಿಂದುಗಳ (ಎಲೆಕ್ಟ್ರಾನ್ ಅಲೆಗಳನ್ನು ಲೆಕ್ಕಹಾಕಲು ಆಯ್ದ ಬಿಂದುಗಳ) ಜಾಲ ಸಿ44ಕ್ಕೆ ಸಾಲುವುದಿಲ್ಲ. ಉತ್ತರ ಅಲುಗದೆ ನಿಲ್ಲುವವರೆಗೂ ಜಾಲವನ್ನು ದಟ್ಟವಾಗಿಸಿ, ಅನಂತರ ಸ್ಮಿಯರಿಂಗ್ ಅಗಲವನ್ನು ಹಂತಹಂತವಾಗಿ ಕಿರಿದುಗೊಳಿಸುತ್ತೇನೆ. ಸ್ಮಿಯರಿಂಗ್ ಎಂದರೆ ಫರ್ಮಿ ಮಟ್ಟದಲ್ಲಿ ತುಂಬಿದ ಮತ್ತು ಖಾಲಿ ಸ್ಥಿತಿಗಳ ನಡುವಣ ಚೂಪಾದ ಗಡಿಯನ್ನು ಲೆಕ್ಕಕ್ಕಾಗಿ ಮಸುಕಾಗಿಸುವುದು; ಇದು ಎಲೆಕ್ಟ್ರಾನುಗಳ ತಾಪವನ್ನು ಏರಿಸಿದಂತೆಯೇ ಸರಿ. ಆದ್ದರಿಂದ ಅಗಲ ಕಿರಿದಾದಂತೆ ಸಿ44 ಇನ್ನಷ್ಟು ಇಳಿದರೆ, ಆ ಮೆದುತನಕ್ಕೆ ಫರ್ಮಿ ಮಟ್ಟದ ಎಲೆಕ್ಟ್ರಾನುಗಳೇ ಕಾರಣವೆಂದು ನಾನು ನಿರ್ಧರಿಸುತ್ತೇನೆ.