100 ಡಿಗ್ರಿ ಬಿಸಿಲಿಗೆ ತುಂಬುತೋಳಿನ ಕೌಗರ್ಲ್ ಅಂಗಿ: ನನ್ನ ಅನುಭವ

ವಿಡಿಯೋ ಕಾಲ್‌ನಲ್ಲಿ ನನ್ನ ಹ್ಯಾಟು, ಬೂಟು ನೋಡಿ ಅವ್ವ, "ಅಮೇರಿಕಾಕ್ಕ ಹೋಗಿ ದನಾ ಕಾಯೋರ ಅಂಗಿ ಹಾಕ್ಕೊಂಡಿಯೇನ?" ಅಂದಳು. ಅವಳ ಮಾತಲ್ಲಿ ತಪ್ಪೇನೂ ಇಲ್ಲ. ಕೌಗರ್ಲ್ ಅಂದರೆ ಅದೇ ಅಲ್ವಾ?

ನಾವಿರುವುದು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಜುಲೈ, ಆಗಸ್ಟ್‌ನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 38, ಇಲ್ಲಿ ಸುದ್ದಿಯೇ ಅಲ್ಲ. 2024ರಲ್ಲಿ ಗಾಯಕಿ ಬಿಯಾನ್ಸೆಯ ಕಂಟ್ರಿ ಹಾಡುಗಳ ಆಲ್ಬಮ್ ಬಂದ ಮೇಲಂತೂ ನಮ್ಮ ಕನ್ನಡದ ಹುಡುಗಿಯರೂ ಬೂಟು ಕೊಂಡರು. ಆದರೆ ಎಲ್ಲರದೂ ಒಂದೇ ವೇಷ. ಡೆನಿಮ್ ಚಡ್ಡಿ, ತೋಳಿಲ್ಲದ ಟಾಪು, ಮೇಲೆ ಪಾಲಿಯೆಸ್ಟರ್ ಕುಚ್ಚಿನ ಜಾಕೆಟ್. ಫೋಟೋ ತೆಗೆದು ಹತ್ತು ನಿಮಿಷಕ್ಕೆ ಎಸಿ ಕಾರಿಗೆ ಓಡುತ್ತಾರೆ.

ಬಾಗಲಕೋಟೆ ಕಡೆ ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕುವುದನ್ನು ನಾನು ನೋಡಿ ಬೆಳೆದವಳು. ಬಿಸಿಲು ಮೈಗೆ ತಾಗಬಾರದು, ಗಾಳಿ ಆಡಬೇಕು, ಅಷ್ಟೇ. ಇಲ್ಲಿಯ ದನ ಕಾಯುವವರದೂ ಮೊದಲಿನಿಂದ ಅದೇ ಲೆಕ್ಕ. ಹಾಗಾಗಿ ನಾನು ಹೊಲಿಯಲು ಹೊರಟಿದ್ದು ತೆಳು ಹತ್ತಿಯ, ಸಡಿಲಾದ, ತುಂಬುತೋಳಿನ ವೆಸ್ಟರ್ನ್ ಅಂಗಿ. ಭುಜದ ಮೇಲೆ ಬರುವ ಚೂಪು ತುದಿಯ ತುಂಡು, ಅಂದರೆ ಯೋಕ್, ಮುತ್ತಿನ ಹೊಳಪಿನ ಟಿಚ್ ಬಟನ್, ಎಲ್ಲ ಸರಿಯಾಗಿಯೇ ಇರಬೇಕು. "ಈ ಬಿಸಿಲಲ್ಲಿ ಫುಲ್ ತೋಳಾ? ಏನ್ರೀ, ಕನ್ನಡ ಸಂಘದಲ್ಲಿ ನಾಟಕ ಇದೆಯಾ?" ಅಂತ ಗೆಳತಿಯೊಬ್ಬಳು ನಕ್ಕಳು. ನಮ್ಮ ಮನೆಯವರು ನಗಲಿಲ್ಲ, ಕ್ರೆಡಿಟ್ ಕಾರ್ಡ್ ಬಿಲ್ ನೋಡಿದರು.

ಮೊದಲ ಅಂಗಿ ಕೆಟ್ಟಿದ್ದು ಟಿಚ್ ಬಟನ್‌ನಿಂದ. ಮುಂದೆ 7, ಒಂದೊಂದು ಕಫ್‌ಗೆ 3, ಎರಡು ಜೇಬಿಗೆ 4. ಒಟ್ಟು 17. ಒಂದೊಂದಕ್ಕೂ ನಾಲ್ಕು ತುಂಡು, ಅಂದರೆ ಒಂದು ಅಂಗಿಗೆ 68 ತುಂಡು. ಡೆನಿಮ್ ಮೇಲೆ ಇವು ಬಂಡೆಯ ಹಾಗೆ ನಿಲ್ಲುತ್ತವೆ. ನನ್ನ ತೆಳು ಮಲ್ ಬಟ್ಟೆಯ ಮೇಲೆ? ಎರಡನೇ ಸಲ ಬಿಚ್ಚಿದಾಗಲೇ ಬಟ್ಟೆ ಸಮೇತ ಕೈಗೆ ಬಂತು. ದನದ ಕೊಂಬಿಗೋ ಕುದುರೆಯ ಜೀನಿಗೋ ಅಂಗಿ ಸಿಕ್ಕಿಕೊಂಡರೆ ಪಟ್ಟನೆ ಬಿಚ್ಚಿಕೊಳ್ಳಲಿ ಅಂತ ಈ ಬಟನ್ ಅಂತಾರೆ. ನನ್ನದು ಜೀನೂ ಇಲ್ಲದೆ ಬಿಚ್ಚಿಕೊಂಡಿತು, ಅದೂ ದಿನಸಿ ಅಂಗಡಿಯಲ್ಲಿ.

ಕಾಲರಿನ ಒಳಗೆ ಬಿಗಿತಕ್ಕೆ ಹಾಕುತ್ತಾರಲ್ಲ, ಆ ಬಕ್ರಂ ದಪ್ಪದ್ದು ತಂದು ಬಟನ್ ಪಟ್ಟಿಗೆ ಅಂಟಿಸಿದೆ. ಬಟನ್ ನಿಂತಿತು, ಆದರೆ ಎದೆಯ ನಡುವೆ ರಟ್ಟು ಇಟ್ಟ ಹಾಗಾಯಿತು, ಬೆವರು ಅಲ್ಲೇ ಇಳಿಯಿತು. ತೆಳು ಬಕ್ರಂ ಎರಡು ಒಗೆತಕ್ಕೆ ಗುಳ್ಳೆ ಎದ್ದಿತು. ಬಟನ್ ಒತ್ತಿ ಕೂರಿಸುವ ಕೈ ಪ್ರೆಸ್ಸು ಸರಿಯಿಲ್ಲ ಅಂದುಕೊಂಡು ಸುಮಾರು 90 ಡಾಲರ್ ಕೊಟ್ಟು ಹೊಸದು ತಂದೆ. ಪ್ರೆಸ್ಸು ಸರಿಯಾಗಿಯೇ ಇತ್ತು, ದುಡ್ಡು ದಂಡ. ಕೊನೆಗೆ ಅಂಟಿಸುವುದನ್ನೇ ಬಿಟ್ಟು, ಪಟ್ಟಿಯ ಒಳಗೆ ಹತ್ತಿಯದೇ ಇನ್ನೊಂದು ಪಟ್ಟಿ ಹೊಲಿದೆ. ಯಾವ ಬಟ್ಟೆ, ಯಾವ ಕಡೆ ಎಳೆ ಬರುವ ಹಾಗೆ ಕತ್ತರಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಮುಂದಿನ ಬೇಸಿಗೆಯ ವ್ಯಾಪಾರ ಅದರ ಮೇಲೆ ನಿಂತಿದೆ.

ಆಮೇಲೆ ಯೋಕ್. ಭುಜದ ಮೇಲೆ ಎರಡು ಪದರ ಬರುತ್ತದೆ, ಬಿಸಿಲು ಬೀಳುವುದೂ ಅಲ್ಲೇ. ಅಲ್ಲಿಗೆ ಗುಳೇದಗುಡ್ಡದ ಖಣ, ಅಂದರೆ ನಮ್ಮ ಕಡೆಯ ಕುಪ್ಪಸದ ಬಟ್ಟೆ, ಹಾಕಿದರೆ ಹೇಗೆ ಅನ್ನಿಸಿತು. ಖಣದ ಅಗಲ ಕಮ್ಮಿ, ಇಡೀ ಅಂಗಿಗೆ ಆಗುವುದಿಲ್ಲ. ಯೋಕ್‌ಗೆ, ಕಫ್‌ಗೆ, ಜೇಬಿನ ಮುಚ್ಚಳಕ್ಕೆ ಹೇಳಿ ಮಾಡಿಸಿದ್ದು. ಒಂದು ಕುಪ್ಪಸದ ಖಣದಲ್ಲಿ ಒಂದು ಅಂಗಿಯದು ಮುಗಿದು ಸ್ವಲ್ಪ ಚೂರು ಉಳಿಯುತ್ತದೆ. ಖಣದ ತುಂಬ ಚಿಕ್ಕ ಚಿಕ್ಕ ಬುಟ್ಟಾ ಇರುವುದರಿಂದ ಚೂಪು ತುದಿಯಲ್ಲಿ ವಿನ್ಯಾಸ ಕೆಡುವುದಿಲ್ಲ. ಒಂದೇ ಮಾತು: ಹಿಂದಿನ ಯೋಕ್‌ನ ಚೂಪು ಬೆನ್ನಿನ ನಡುವೆಯೇ ಬರಬೇಕು. ಕಾಲು ಇಂಚು ಸರಿದರೂ ಗೂನು ಬೆನ್ನಿನ ಹಾಗೆ ಕಾಣುತ್ತದೆ. ನನ್ನ ಮೊದಲ ಮೂರು ಹಾಗೇ ಇದ್ದವು.

ಖಣದಲ್ಲೂ ಪೆಟ್ಟು ತಿಂದೆ. ಒಬ್ಬ ವ್ಯಾಪಾರಿಯ ಹತ್ತಿರ 15 ಖಣ ತರಿಸಿದೆ, ಕೊರಿಯರ್ ಸೇರಿ 70 ಡಾಲರ್ ಹತ್ತಿರ. "ಪಕ್ಕಾ ಕಾಟನ್ ಮೇಡಂ" ಅಂದಿದ್ದ. ಇಸ್ತ್ರಿ ಇಟ್ಟೆ, ಮುದುರಿ ಅಂಟಿತು, ಅಂದರೆ ಸಿಂಥೆಟಿಕ್. ಒಂದು ಎಳೆ ಸುಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಹೊಲಿದವಳು ಅಷ್ಟೂ ಮಾಡಲಿಲ್ಲ. ಇನ್ನೊಂದು ಸಲ ಕುಂಕುಮ ಕೆಂಪಿನ ಖಣ ಬಿಳಿ ಅಂಗಿಗೆ ಬಣ್ಣ ಬಿಟ್ಟಿತು. ಉಪ್ಪು ನೀರು, ವಿನೆಗರ್ ಎಲ್ಲ ಆಯಿತು. ಕೆಲಸ ಮಾಡಿದ್ದು ಕತ್ತರಿಸುವ ಮೊದಲು ಐದಾರು ಸಲ ತಣ್ಣೀರಲ್ಲಿ ಒಗೆದದ್ದು ಮಾತ್ರ.

ಮೊದಲ ಬೇಸಿಗೆ ಮುಗಿದಾಗ ಸುಮಾರು 400 ಡಾಲರ್ ಹೋಗಿತ್ತು. ಹಾಕಿಕೊಳ್ಳುವಂಥ ಅಂಗಿ ಎರಡು.

ನಿಜವಾಗಿ ದಾರಿ ತೋರಿಸಿದ್ದು ಗಂಜಿ. ಟೆಕ್ಸಾಸ್‌ನಲ್ಲಿ ಗಂಡಸರು ಜೀನ್ಸ್‌ಗೂ ಗಂಜಿ ಹಾಕಿಸುತ್ತಾರೆ, ಗೊತ್ತಾ? ಡ್ರೈಕ್ಲೀನರ್ ಅಂಗಡಿಗೆ ಕೊಟ್ಟರೆ ತಾನಾಗೇ ನಿಂತುಕೊಳ್ಳುವಷ್ಟು ಬಿಗಿಯಾಗಿ ವಾಪಸ್ ಬರುತ್ತದೆ. ನಾನೂ ಅಂಗಿಗೆ ಸ್ಪ್ರೇ ಸ್ಟಾರ್ಚ್ ಸುರಿದೆ. ರಂಧ್ರವೆಲ್ಲ ಮುಚ್ಚಿ ಗಾಳಿ ನಿಂತಿತು, ಬೆವರಿಗೆ ಅಂಟು ಅಂಟು. ಆಗ ಅತ್ತೆ ಇಲ್ಲಿದ್ದರು. "ಅನ್ನ ಬಸಿದ ತಿಳಿ ಸಾಕವಾ, ಅದಕ್ಕ್ಯಾಕ ರೊಕ್ಕ?" ಅಂದರು. ಅವರ ಇಳಕಲ್ ಸೀರೆ ಅದರಲ್ಲೇ ಅಲ್ಲವೇ ಗರಿಗರಿ ಇದ್ದದ್ದು! ತೆಳ್ಳಗಿನ ಗಂಜಿ ಹಾಕಿದರೆ ಬಟ್ಟೆ ಮೈಗೆ ಅಂಟದೆ ಸ್ವಲ್ಪ ದೂರ ನಿಲ್ಲುತ್ತದೆ. ಆ ಸಂದಿಯಲ್ಲಿ ಗಾಳಿ ಆಡುತ್ತದೆ. ಒಂದು ಲೋಟ ತಿಳಿಗೆ ಆರೇಳು ಲೋಟ ನೀರು ನನ್ನ ಅಳತೆ. ಅತ್ತೆ ಅದಕ್ಕೆ ಇನ್ನೊಂದು ವಸ್ತು ಹಾಕುತ್ತಾರೆ. ಅದನ್ನು ಹೇಳಲು ಅವರ ಅಪ್ಪಣೆ ಇಲ್ಲ.

ನಡುವೆ ಬೇರೆ ಹುಚ್ಚೂ ನಡೆಯಿತು. ಕೌಗರ್ಲ್ ಅಂದರೆ ಕುಚ್ಚು ಬೇಕಲ್ಲ. ಚರ್ಮ ಭಾರ, ಬಿಸಿ. ಸೀರೆ ಸೆರಗಿಗೆ ಕಟ್ಟುವ ಹಾಗೆ ರೇಷ್ಮೆ ದಾರದ ಕುಚ್ಚನ್ನು ಯೋಕ್ ಸುತ್ತ ಕಟ್ಟಿದೆ. ಎರಡು ರಾತ್ರಿ ಹಿಡಿಯಿತು. ನೋಡಲು ಬಹಳ ಚೆಂದ ಇತ್ತು, ಸುಳ್ಳು ಹೇಳುವುದಿಲ್ಲ. ಸೀಟ್ ಬೆಲ್ಟ್‌ಗೆ ಸಿಕ್ಕಿ ಅರ್ಧ ಹೋಯಿತು, ಉಳಿದರ್ಧವನ್ನು ವಾಷಿಂಗ್ ಮಷಿನ್ ಜಡೆ ಹೆಣೆದು ಕೊಟ್ಟಿತು. ಲಂಬಾಣಿ ಕನ್ನಡಿ ಕೆಲಸದ ತುಂಡೊಂದನ್ನು ಬೆನ್ನಿಗೆ ಹೊಲಿದದ್ದೂ ಉಂಟು. ಕಾರಲ್ಲಿ ಒರಗಿ ಕೂರಲು ಆಗಲಿಲ್ಲ. ಹಳೆಯ ಇಳಕಲ್ ಹತ್ತಿ ಸೀರೆಯಲ್ಲಿ ಹೊಲಿದ, ಇಲ್ಲಿಯವರು ಪ್ರೇರಿ ಅನ್ನುವ ಮೂರು ಮಜಲಿನ ಲಂಗ ಮಾತ್ರ ಮೊದಲ ಸಲಕ್ಕೇ ಸರಿಹೋಯಿತು. ಅದು ನಮ್ಮ ಪರಕಾರವೇ ತಾನೆ.

ಹ್ಯಾಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಲ್ಲಿಯ ಹಳೆಯ ಪದ್ಧತಿಯಂತೆ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೆ ಹುಲ್ಲಿನ ಹ್ಯಾಟು, ಆಮೇಲೆ ಒತ್ತಿದ ಉಣ್ಣೆಯ ಥರದ ಫೆಲ್ಟ್ ಹ್ಯಾಟು. ತಾಳೆಗರಿಯದು ಒದ್ದೆ ಮಾಡಿದರೆ ಬೇಕಾದ ಆಕಾರಕ್ಕೆ ಬರುತ್ತದೆ. ಶಾಂಟಂಗ್ ಅನ್ನುವ ಹ್ಯಾಟು ನಿಜಕ್ಕೂ ಕಾಗದದ ಹುರಿ. ಅದನ್ನೂ ಬಕೆಟ್‌ನಲ್ಲಿ ಮುಳುಗಿಸಿ 45 ಡಾಲರ್ ನೀರಿಗೆ ಬಿಟ್ಟೆ, ಅಕ್ಷರಶಃ.

ಬೂಟು ಪಕ್ಕದ ಊರು ಫೋರ್ಟ್ ವರ್ತ್‌ನ ಸೆಕೆಂಡ್‌ಹ್ಯಾಂಡ್ ಅಂಗಡಿಯದು, 40 ಡಾಲರ್ ಆಸುಪಾಸು. ಗಿಡ್ಡ ಬೂಟು, ತೆಳು ಹತ್ತಿ ಕಾಲುಚೀಲ, ಮೇಲೆ ಲಂಗ. ಜೀನ್ಸ್ ಬೇಡ. ಒಂದು ಎಚ್ಚರಿಕೆ: ದೇವಸ್ಥಾನಕ್ಕೆ ಹಾಕಿಕೊಂಡು ಹೋಗಬೇಡಿ. ಹಿಮ್ಮಡಿ ಸಿಕ್ಕಿಸಿ ಬೂಟು ಕಳಚುವ ಬೂಟ್‌ಜ್ಯಾಕ್ ಇಲ್ಲದೆ ಅದು ಕಾಲಿಂದ ಬರುವುದಿಲ್ಲ. ಚಪ್ಪಲಿ ಸ್ಟ್ಯಾಂಡ್ ಮುಂದೆ ನಾನು ಬೆಂಚಿನ ಮೇಲೆ, ನಮ್ಮ ಮನೆಯವರು ನನ್ನ ಹಿಮ್ಮಡಿ ಹಿಡಿದು ಎಳೆಯುತ್ತಿದ್ದರು. ಸಂಘದ ಅರ್ಧ ಜನ ಅಲ್ಲೇ ಇದ್ದರು.

ಎರಡನೇ ಬೇಸಿಗೆ, ಜುಲೈನ ಒಂದು ಶನಿವಾರ, ಎಲ್ಲ ಹಾಕಿಕೊಂಡು ಹಳೆಯ ದನದ ಸಂತೆಯ ಜಾಗ ಫೋರ್ಟ್ ವರ್ತ್ ಸ್ಟಾಕ್‌ಯಾರ್ಡ್ಸ್‌ಗೆ ಹೋದೆವು. ಅಲ್ಲಿ ದಿನಕ್ಕೆ ಎರಡು ಸಲ ಉದ್ದ ಕೊಂಬಿನ ದನಗಳನ್ನು ಬೀದಿಯಲ್ಲಿ ನಡೆಸುತ್ತಾರೆ. 102 ಡಿಗ್ರಿ ಇತ್ತು. ಆ ನಕ್ಕ ಗೆಳತಿ ತೋಳಿಲ್ಲದ ಟಾಪಿನಲ್ಲಿ ನೆರಳಿಂದ ನೆರಳಿಗೆ ಓಡುತ್ತಿದ್ದಳು. ನಾನು ಬಿಸಿಲಲ್ಲೇ ನಿಂತು ದನ ಹಾದುಹೋಗುವವರೆಗೂ ನೋಡಿದೆ. ಬೆವರಿತು, ಬೆವರದೆ ಇರುತ್ತದೆಯೇ? ಆದರೆ ಆರುತ್ತಿತ್ತು. ಬೀದಿಯಲ್ಲಿ ಇಲ್ಲಿಯದೇ ಒಬ್ಬ ಅಜ್ಜಿ ತಡೆದು, ಯೋಕ್ ಮುಟ್ಟಿ ನೋಡಿ, ಎಲ್ಲಿ ಕೊಂಡೆ ಅಂತ ಕೇಳಿದಳು. ನಾನೇ ಹೊಲಿದದ್ದು ಅನ್ನುವಾಗ ದನಿ ಸ್ವಲ್ಪ ಜೋರಾಗಿಯೇ ಬಂತು. ಗೆಳತಿಗೆ ಕೇಳಿಸಬೇಕಿತ್ತು.

ಆ ವರ್ಷ ಇಪ್ಪತ್ತು ಇಪ್ಪತ್ತೆರಡು ಅಂಗಿ ಮಾರಾಟವಾದವು, ಒಂದಕ್ಕೆ 85 ಡಾಲರ್. ಸಾಮಾನಿಗೆ 25ರ ಹತ್ತಿರ, ಹೊಲಿಯಲು ಒಂಬತ್ತು ಗಂಟೆ. ಗಂಟೆ ಲೆಕ್ಕ ಹಾಕಿದರೆ ಬೇಜಾರಾಗುತ್ತದೆ, ಹಾಕುವುದಿಲ್ಲ. ಗೆಳತಿ ಎರಡು ತೆಗೆದುಕೊಂಡಳು. ಅವಳಿಗೆ ರಿಯಾಯಿತಿ ಕೊಡಲಿಲ್ಲ.

ಈಗಿನ ಚಿಂತೆ ಖಣದ್ದು. ಮುಂದಿನ ತಿಂಗಳು ಅತ್ತೆ ಮತ್ತೆ ಬರುತ್ತಿದ್ದಾರೆ. ಶೇಂಗಾ ಚಟ್ನಿ ಕಮ್ಮಿ ಮಾಡಿ 40 ಖಣ ತುಂಬಿಕೊಂಡು ಬನ್ನಿ ಅಂದಿದ್ದೇನೆ. ಒಂದೊಂದರ ಎಳೆಯನ್ನೂ ಸುಟ್ಟು ನೋಡಿಯೇ ಕೊಳ್ಳುತ್ತಾರಂತೆ. ಅಂಗಡಿಯವ ಏನಂತಾನೋ ಗೊತ್ತಿಲ್ಲ.